ಕರಾವಳಿಯಲ್ಲಿ ಪೀಚ್ ಗಿಡ: ಮಳೆಗಾಲ ದಾಟಿಸಿ ಹೂ ಬಿಡಿಸುವವರೆಗೆ

"ತಂದಾಗ ಗಿಡ ಚೆನ್ನಾಗಿತ್ತು, ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆಯಲ್ಲಿ) ಒಮ್ಮೆಗೇ ಒಣಗಿ ಹೋಯಿತು." "ಆಳೆತ್ತರ ಬೆಳೆದಿದೆ, ನಾಲ್ಕು ವರ್ಷವಾದರೂ ಒಂದು ಹೂವಿಲ್ಲ." ಉಡುಪಿ, ಮಂಗಳೂರು, ಕಾರ್ಕಳ ಕಡೆಯವರು ಪೀಚ್ ಬಗ್ಗೆ ಕೇಳಿದಾಗಲೆಲ್ಲ ಈ ಎರಡರಲ್ಲೊಂದನ್ನು ಹೇಳುತ್ತಾರೆ. ಎರಡಕ್ಕೂ ಕಾರಣ ಬೇರೆ ಬೇರೆ. ಮೊದಲನೆಯದು ಬೇರಿಗೆ ನಿಂತ ನೀರು. ಎರಡನೆಯದು ಗಿಡಕ್ಕೆ ನಿದ್ದೆ ಸಿಗದಿರುವುದು. ಹೆಚ್ಚಿನವರು ಹೂವಿನ ಚಿಂತೆಯಿಂದ ಶುರು ಮಾಡುತ್ತಾರೆ, ಬೇರನ್ನು ಮರೆಯುತ್ತಾರೆ. ಕೆಲಸದ ಕ್ರಮ ಅದಕ್ಕೆ ತಿರುವುಮುರುವಾಗಬೇಕು.

ನೆಡುವ ಮೊದಲೇ ತಿಳಿದಿರಲಿ: ಮಾರಾಟಕ್ಕೆ ಸಾಲುವಷ್ಟು ಪೀಚ್ ನಮ್ಮ ಕಡಲತೀರದಲ್ಲಿ ಬೆಳೆಯುವುದಿಲ್ಲ. ನಮ್ಮ ಅಂಗಳದ ಮರ ಮೂರನೇ ವರ್ಷ ಕೈತುಂಬ ಹೂ ಬಿಟ್ಟು, ಕೊನೆಗೆ ಒಂಬತ್ತು ಹಣ್ಣು ಕೊಟ್ಟಿತು. ಆ ಒಂಬತ್ತು ಹಣ್ಣಿಗಾಗಿ ವರ್ಷವಿಡೀ ಗಮನ ಕೊಡುವ ಮನಸ್ಸಿದ್ದರೆ ಮಾತ್ರ ಮುಂದೆ ಓದಿ.

1. ಗಿಡ ಕೊಳ್ಳುವ ಮೊದಲು ಚಳಿಯ ಲೆಕ್ಕ ಕೇಳಿ

ಪೀಚ್ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಮರ. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗಿದ್ದ ಗಂಟೆಗಳನ್ನು ಕೂಡಿಸಿ, ಯಾವ ತಳಿಗೆ ಎಷ್ಟು ಗಂಟೆ ಚಳಿ ಬೇಕೆಂದು ಲೆಕ್ಕ ಹಾಕುತ್ತಾರೆ. ಎಲ್ಬರ್ಟಾದಂಥ ಹಳೆಯ ತಳಿಗೆ 800 ಗಂಟೆಯಷ್ಟು ಬೇಕು. ನಮ್ಮಲ್ಲಿ ಜನವರಿಯ ನಸುಕಿನಲ್ಲೂ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂದರೆ ನಮ್ಮ ಲೆಕ್ಕ ಸೊನ್ನೆ. ಹಿಮಾಚಲ, ಕಾಶ್ಮೀರದ ಗಿಡ ಇಲ್ಲಿ ಎಲೆ ಬಿಡಬಹುದು, ಹೂವಿನ ಆಸೆ ಬೇಡ.

ಹಾಗಾಗಿ ಕಡಿಮೆ ಚಳಿ ಬೇಡುವ ತಳಿಯನ್ನೇ ಹುಡುಕಬೇಕು. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದವರು ಇಂಥ ತಳಿಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅಲ್ಲಿಂದ ಬಂದ ಫ್ಲೋರ್ಡಾಪ್ರಿನ್ಸ್‌ಗೆ ಸುಮಾರು 150 ಗಂಟೆ ಸಾಕು. ಹಳದಿ ತಿರುಳು, ಸಣ್ಣ ಗಾತ್ರ, ಕೆಂಪು ಮೈ. ಹೂವಾಗಿ 80 ದಿನದ ಆಸುಪಾಸಿನಲ್ಲಿ ಹಣ್ಣಾಗುತ್ತದೆ. ಮಳೆಯ ಮೊದಲು ಕೊಯ್ಲು ಮುಗಿಸಬೇಕಾದ ನಮಗೆ ಈ ಚುರುಕು ಬಹಳ ಮುಖ್ಯ. ಟ್ರಾಪಿಕ್ ಬ್ಯೂಟಿಗೂ 150 ಗಂಟೆಯೇ, ಹಣ್ಣಾಗುವುದು ಒಂದು ವಾರ, ಹತ್ತು ದಿನ ತಡ. ಯುಎಫ್‌ಸನ್, ಯುಎಫ್‌ಬೆಸ್ಟ್ ತಳಿಗಳಿಗೆ 100 ಗಂಟೆ ಸಾಕು. ಇವುಗಳ ತಿರುಳು ಹಣ್ಣಾದ ಮೇಲೂ ಗಟ್ಟಿಯಾಗಿರುತ್ತದೆ, ಆದರೆ ಇಲ್ಲಿ ಸಿಗುವುದು ಕಷ್ಟ. ಶಾನ್-ಎ-ಪಂಜಾಬ್ ಹೆಸರಿನ ಗಿಡ ಸುಲಭವಾಗಿ ಸಿಗುತ್ತದೆ. ಅದು ಫ್ಲೋರ್ಡಾಪ್ರಿನ್ಸ್‌ಗಿಂತ ಹೆಚ್ಚು ಚಳಿ ಬೇಡುವ ತಳಿ, ಪಂಜಾಬಿನ ಚಳಿಗೆ ಸರಿ. ನಮಗೆ ಬೇಡ.

ನೆಕ್ಟರಿನ್ ಎಂದರೆ ರೋಮವಿಲ್ಲದ ಪೀಚ್, ಅಷ್ಟೆ. ಜಾತಿ ಒಂದೇ, ಒಂದು ಗುಣದ ವ್ಯತ್ಯಾಸ. ಆದರೆ ನುಣುಪು ಸಿಪ್ಪೆ ಬೇಗ ಬಿರಿಯುತ್ತದೆ, ಥ್ರಿಪ್ಸ್ ಹುಳ ಕೆರೆದ ಕಲೆಯೂ ಎದ್ದು ಕಾಣುತ್ತದೆ. ಮೊದಲ ಗಿಡ ಪೀಚ್ ಇರಲಿ, ಅದು ಕೈಹಿಡಿದ ಮೇಲೆ ನೆಕ್ಟರಿನ್.

ನರ್ಸರಿಯಲ್ಲಿ ಮೂರು ಪ್ರಶ್ನೆ ಕೇಳಿ: ತಳಿಯ ಹೆಸರೇನು? ಕಸಿ ಗಿಡವೋ ಬೀಜದ ಗಿಡವೋ? ಕಸಿಯಾದರೆ ಯಾವ ಬುಡದ ಮೇಲೆ ಕಟ್ಟಿದ್ದು? "ಎಲ್ಲ ಹವೆಗೂ ಆಗುತ್ತದೆ" ಎಂಬ ಉತ್ತರ ಬಂದರೆ ಗಿಡ ಅಲ್ಲೇ ಬಿಟ್ಟು ಬನ್ನಿ. ಬೇರುಗಂಟು ಜಂತುಹುಳವನ್ನು ತಡೆಯುವ ನೆಮಗಾರ್ಡ್ ಅಥವಾ ಫ್ಲೋರ್ಡಾಗಾರ್ಡ್ ಬುಡ ಸಿಕ್ಕಿದರೆ ಭಾಗ್ಯವೆಂದೇ ತಿಳಿಯಿರಿ, ನಮ್ಮ ಮರಳು ಮಣ್ಣಿನಲ್ಲಿ ಆ ಹುಳದ ಕಾಟ ಜಾಸ್ತಿ. ಪೀಚ್ ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಒಂದು ಗಿಡ ಸಾಕು.

2. ಜಾಗ ಮತ್ತು ಸಲಕರಣೆ

ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ, ಗಾಳಿಯಾಡುವ ಜಾಗ ಬೇಕು. ಮನೆಯ ಪೂರ್ವದ ಬದಿ ಒಳ್ಳೆಯದು, ಮಾರ್ಚ್‌ನಿಂದ ಮಧ್ಯಾಹ್ನದ ಮೇಲಿನ ಉರಿಬಿಸಿಲು ತಪ್ಪುತ್ತದೆ. ಮಲ್ಪೆ, ಕಾಪು, ಉಳ್ಳಾಲದಂಥ ಕಡಲ ಬದಿಯವರು ಗಿಡವನ್ನು ಮನೆಯ ಹಿಂದೆ, ಉಪ್ಪುಗಾಳಿಗೆ ಮರೆಯಾಗಿ ಇಡಬೇಕು. ಅಡಿಕೆ ತೋಟದ ಒಳಗೆ, ತೋಡಿನ ಪಕ್ಕ, ಬಾವಿಕಟ್ಟೆಯ ನೀರು ಹರಿಯುವಲ್ಲಿ ಎಂದೂ ಬೇಡ.

ಸಲಕರಣೆ ಇಷ್ಟು: 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ಅರ್ಧ ಭಾಗ, ಹರಿತವಾದ ಸವರುವ ಕತ್ತರಿ, ಚಿಕ್ಕ ಕೈಗರಗಸ, ಬಿಸಿಲಿಗೆ ಬೇಗ ಹಾಳಾಗದ 200 ಮೈಕ್ರಾನಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ನಾಲ್ಕು ಕಂಬ, ಕಾಗದದ ಚೀಲಗಳು, ಮತ್ತು ಕತ್ತರಿ ಒರೆಸಲು ಸ್ಪಿರಿಟ್. ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ. ದಾಸವಾಳ ಸವರಿದ ಕತ್ತರಿಯನ್ನು ಒರೆಸದೆ ಪೀಚ್‌ಗೆ ಹಾಕಿದರೆ ಅಂಟು ಸೋರುವ ರೋಗವನ್ನು ನಾವೇ ಅಂಟಿಸಿದಂತಾಗುತ್ತದೆ.

3. ಡ್ರಮ್ಮೋ ಕಟ್ಟೆಯೋ

ನನ್ನ ಮೊದಲ ಗಿಡ ನೇರ ನೆಲದಲ್ಲಿತ್ತು. ಎರಡಡಿ ಗುಂಡಿ ತೋಡಿ, ಗೊಬ್ಬರ ತುಂಬಿ, ತೆಂಗಿನ ಸಸಿ ನೆಟ್ಟ ಹಾಗೆಯೇ ನೆಟ್ಟಿದ್ದೆ. ಜುಲೈಯ ಮೂರನೇ ವಾರ ಎಲೆಗಳು ಹಸಿರಾಗಿರುವಾಗಲೇ ಜೋತು ಬಿದ್ದವು. ಬಾಡಿದೆ ಎಂದು ತಿಳಿದು ಇನ್ನೆರಡು ಕೊಡ ನೀರು ಹೊಯ್ದೆ. ವಾರದ ನಂತರ ಕಿತ್ತು ನೋಡಿದರೆ ಬೇರುಗಳು ಕಪ್ಪಾಗಿದ್ದವು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಬೇಯಿಸಿದ ನೆಲಗಡಲೆಯ ಹಾಗೆ ಕಳಚಿ ಬಂತು, ಒಳಗೆ ಬಿಳಿ ನಾರು ಮಾತ್ರ ಉಳಿಯಿತು. ಮುರಕಲ್ಲಿನಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ಬಾವಿಯಾಗುತ್ತದೆ ಎಂಬುದು ನನಗೆ ಅರ್ಥವಾದದ್ದು ಆಗ.

ಪೀಚ್ ಬೇರಿಗೆ ನಿಂತ ನೀರು ಯಾಕಿಷ್ಟು ಮಾರಕ ಎಂಬುದಕ್ಕೆ ಕಾರಣವಿದೆ. ಆ ಬೇರಿನಲ್ಲಿ ಸಯನೈಡ್ ಕಟ್ಟಿಹಾಕಿದ ಸಂಯುಕ್ತವೊಂದು ಸಹಜವಾಗಿಯೇ ಇರುತ್ತದೆ. ಗಾಳಿಯಿಲ್ಲದೆ ಬೇರು ಉಸಿರುಗಟ್ಟಿದಾಗ ಆ ಸಂಯುಕ್ತ ಒಡೆದು ವಿಷ ಬಿಡುಗಡೆಯಾಗಿ, ಬೇರು ತನ್ನಿಂದ ತಾನೇ ಸಾಯುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಕೆಲವೇ ದಿನ ನೀರು ನಿಂತರೂ ಸಾಕು. ಮಾವು ತಡೆದುಕೊಳ್ಳುವುದನ್ನು ಇದು ತಡೆದುಕೊಳ್ಳುವುದಿಲ್ಲ.

ಆದ್ದರಿಂದ ಮೊದಲ ಆಯ್ಕೆ ಡ್ರಮ್. ತಳದಲ್ಲಿ ಹೆಬ್ಬೆರಳು ಹೋಗುವಷ್ಟು ದೊಡ್ಡ 10-12 ತೂತು, ತಳದಿಂದ ಎರಡಿಂಚು ಮೇಲೆ ಬದಿಯಲ್ಲಿ ಇನ್ನೊಂದು ಆರು ತೂತು. ಡ್ರಮ್ಮನ್ನು ಮೂರು ಕಲ್ಲಿನ ಮೇಲೆ ಕೂರಿಸಿ, ತಳದಡಿ ಕೈ ಹೋಗುವಷ್ಟು ಸಂದು ಬಿಡಿ. ಎರಡು ಪಾಲು ಜರಡಿ ಹಿಡಿದ ಕೆಂಪು ಮಣ್ಣು, ಒಂದು ಪಾಲು ದಪ್ಪ ಹೊಳೆ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಜೊತೆಗೆ ಒಂದೆರಡು ಬುಟ್ಟಿ ಉಮಿಕರಿ. ತೆಂಗಿನ ನಾರಿನ ಪುಡಿ ಬೇಡ, ಅದು ಮಳೆಗಾಲದಲ್ಲಿ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಡ್ರಮ್ಮನ್ನು ಇಬ್ಬರು ಸೇರಿದರೂ ಸರಿಸಲಾಗದು, ಜಾಗ ಗಟ್ಟಿ ಮಾಡಿಯೇ ತುಂಬಿ.

ನೆಲದಲ್ಲೇ ಬೇಕೆಂದರೆ ಗುಂಡಿ ತೋಡಬೇಡಿ, ಕಟ್ಟೆ ಕಟ್ಟಿ. ಮುರಕಲ್ಲನ್ನು ಸಿಮೆಂಟಿಲ್ಲದೆ ಜೋಡಿಸಿ, ಎರಡಡಿ ಎತ್ತರ, ಐದಾರಡಿ ಅಗಲದ ಕಟ್ಟೆ ಮಾಡಿ ಇದೇ ಮಣ್ಣು ತುಂಬಿ. ನಮ್ಮ ಮಣ್ಣಿಗೆ ಹುಳಿ ಹೆಚ್ಚು, ಪೀಚ್‌ಗೆ ರಸಸಾರ (pH) 6ರಿಂದ 6.5 ಹಿತ. ಬ್ರಹ್ಮಾವರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮಣ್ಣು ಪರೀಕ್ಷೆ ಮಾಡಿಸಿಕೊಂಡು ಸುಣ್ಣ ಸೇರಿಸಿ. ಕಣ್ಣಂದಾಜಿನಲ್ಲಿ ಸುಣ್ಣ ಸುರಿದರೆ ಕಬ್ಬಿಣದ ಕೊರತೆಯಾಗಿ ಚಿಗುರು ಬಿಳುಚಿಕೊಳ್ಳುತ್ತದೆ.

ಪರೀಕ್ಷೆ ಹೀಗೆ: ಒಂದು ಬಕೆಟ್ ನೀರು ಒಮ್ಮೆಗೇ ಹೊಯ್ಯಿರಿ. ಅರ್ಧ ನಿಮಿಷದೊಳಗೆ ತಳದಿಂದ ಸುರಿಯಲು ಶುರುವಾಗಬೇಕು. ಆಗದಿದ್ದರೆ ಗಿಡ ನೆಡುವ ಮೊದಲೇ ಮಣ್ಣು ಬದಲಿಸಿ.

4. ನೆಡುವುದು ಅಕ್ಟೋಬರ್ ಕೊನೆಯಲ್ಲಿ

ಜೂನ್‌ನಲ್ಲಿ ಎಲ್ಲ ಸಸಿ ನೆಡುವ ಅಭ್ಯಾಸ ನಮ್ಮದು. ಪೀಚ್‌ಗೆ ಅದು ತಪ್ಪು ಕಾಲ. ಮಳೆ ಬಿಟ್ಟ ಮೇಲೆ, ದೀಪಾವಳಿಯ ಆಚೀಚೆ ನೆಟ್ಟರೆ ಮುಂದಿನ ಮಳೆಯೊಳಗೆ ಬೇರಿಗೆ ಏಳು ತಿಂಗಳು ಸಿಗುತ್ತದೆ.

ಕಸಿ ಗಂಟು ಮಣ್ಣಿನಿಂದ ನಾಲ್ಕು ಬೆರಳು ಮೇಲಿರಲಿ. ನೆಟ್ಟ ದಿನವೇ ಕಾಂಡವನ್ನು ಎರಡಡಿ ಎತ್ತರಕ್ಕೆ ಕತ್ತರಿಸಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಕತ್ತರಿಸಿ. ಆಮೇಲೆ ಬರುವ ಚಿಗುರುಗಳಲ್ಲಿ ಮೂರು ದಿಕ್ಕಿಗೆ ಹೋಗುವ ಮೂರು ರೆಂಬೆ ಉಳಿಸಿ, ನಡುವಿನದನ್ನು ತೆಗೆಯಿರಿ. ಗಿಡ ಹೂದಾನಿಯಂತೆ ನಡುವೆ ತೆರೆದುಕೊಂಡಿರಬೇಕು. ಎತ್ತರ ಆರಡಿ ದಾಟಬಾರದು, ಮಳೆಗಾಲದ ಚಪ್ಪರ ಅದರ ಮೇಲೆ ಬರಬೇಕು. ಕಸಿ ಗಂಟಿನ ಕೆಳಗಿಂದ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಿ.

ಗೊಬ್ಬರ ಹಿತಮಿತವಾಗಿರಲಿ. ಫೆಬ್ರವರಿಯಿಂದ ಆಗಸ್ಟ್‌ವರೆಗೆ ತಿಂಗಳಿಗೊಮ್ಮೆ ಒಂದು ಹಿಡಿ ನೆಲಗಡಲೆ ಹಿಂಡಿ, ಒಂದು ಹಿಡಿ ಬೇವಿನ ಹಿಂಡಿ, ಅರ್ಧ ಹಿಡಿ ಬೂದಿ. ಸುಣ್ಣ ಹಾಕಿದ ತಿಂಗಳು ಬೂದಿ ಬೇಡ. ಸೆಪ್ಟೆಂಬರ್‌ನಿಂದ ಏನೂ ಇಲ್ಲ.

5. ಮಳೆಗಾಲ: ತಲೆಗೆ ಸೂರು, ಕಾಲಿಗೆ ಒಣ ನೆಲ

ಪತ್ತನಾಜೆಯೊಳಗೆ (ತುಳುನಾಡಿನ ಆಚರಣೆಯ ದಿನ, ಮೇ ಕೊನೆಯ ಹೊತ್ತು) ಚಪ್ಪರ ಕಟ್ಟಿ ಮುಗಿಸಬೇಕು. ಗಿಡದ ತುದಿಯಿಂದ ಎರಡಡಿ ಮೇಲೆ ಇಳಿಜಾರಾಗಿ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಬದಿ ತೆರೆದಿರಲಿ. ಬದಿ ಮುಚ್ಚಿದರೆ ಒಳಗೆ ಸೆಕೆ ಕಟ್ಟಿ ಶಿಲೀಂಧ್ರಕ್ಕೆ ಹಬ್ಬ. ಹಾಳೆಯಿಂದ ಇಳಿಯುವ ನೀರು ಬುಡದ ಕಡೆ ಬರದಂತೆ ಚಿಕ್ಕ ಚರಂಡಿ ತೆಗೆಯಿರಿ.

ಸೂರಿನಡಿ ಇರುವ ಗಿಡಕ್ಕೆ ಮಳೆಗಾಲದಲ್ಲೂ ನೀರು ಹೊಯ್ಯಬೇಕು, ಇದು ಹಲವರಿಗೆ ಹೊಳೆಯುವುದಿಲ್ಲ. ಮಣ್ಣಿನೊಳಗೆ ಬೆರಳಿನ ಎರಡು ಗೆಣ್ಣು ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನಾಲ್ಕೈದು ಲೀಟರ್.

ಎಚ್ಚರಿಕೆಯ ಚಿಹ್ನೆಗಳನ್ನು ಬೆಳಿಗ್ಗೆ ಹೊತ್ತು ನೋಡಬೇಕು. ಮಣ್ಣು ಒದ್ದೆಯಿದ್ದೂ ಎಲೆ ಜೋತಿದ್ದರೆ ಬೇರು ಉಸಿರುಗಟ್ಟಿದೆ. ಆಗ ನೀರು ನಿಲ್ಲಿಸಿ, ಡ್ರಮ್ಮಿನ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಎಲೆಯ ಮೂರನೇ ಒಂದು ಪಾಲು ಕೈಯಿಂದ ಚಿವುಟಿ ಬೇರಿನ ಹೊರೆ ಇಳಿಸಿ. ಕಾಂಡದಲ್ಲಿ ಜೇನಿನ ಬಣ್ಣದ ಅಂಟು ಕಂಡರೆ ಬೆರಳಲ್ಲಿ ತೆಗೆದು ತಿಕ್ಕಿ ನೋಡಿ. ಅದರಲ್ಲಿ ಮರದ ಪುಡಿ ಸಿಕ್ಕಿದರೆ ಕಾಂಡ ಕೊರೆಯುವ ಹುಳ ಒಳಗಿದೆ, ತೂತು ಹುಡುಕಿ ತಂತಿಯಿಂದ ಚುಚ್ಚಿ ತೆಗೆಯಿರಿ. ಅಂಟು ಸ್ವಚ್ಛವಾಗಿದ್ದರೆ ಗಾಯದಿಂದಲೋ ಶಿಲೀಂಧ್ರದಿಂದಲೋ ಬಂದದ್ದು. ಮಳೆ ನಿಂತ ಮೇಲೆ ಆ ಭಾಗವನ್ನು ಕೆತ್ತಿ ಒಣಗಲು ಬಿಡಿ, ಮಳೆಯಲ್ಲಿ ಕತ್ತರಿ ಮುಟ್ಟಿಸಬೇಡಿ. ಎಲೆಯಡಿ ಕಂದು ಪುಡಿಯಂಥ ಚುಕ್ಕೆ ತುಕ್ಕುರೋಗದ್ದು. ಅಂಥ ಎಲೆ ಆರಿಸಿ ಸುಟ್ಟುಬಿಡಿ.

ಇನ್ನು ನಮ್ಮ ಕಡೆಯವರೇ ಮಾಡುವ ದೊಡ್ಡ ತಪ್ಪು. ಅಡಿಕೆಯ ಕೊಳೆರೋಗಕ್ಕೆಂದು ಮನೆಯಲ್ಲಿ ಮೈಲುತುತ್ತ, ಸುಣ್ಣದ ದ್ರಾವಣ ಮಾಡಿಟ್ಟಿರುತ್ತಾರೆ. ಉಳಿದದ್ದನ್ನು ಪೀಚ್‌ಗೂ ಒಂದು ಕೈ ಹೊಡೆಯುತ್ತಾರೆ. ಪೀಚ್ ಎಲೆಗೆ ಮೈಲುತುತ್ತದಲ್ಲಿರುವ ತಾಮ್ರ ಆಗುವುದಿಲ್ಲ. ಎರಡನೇ ವರ್ಷ ನಮ್ಮ ಅಡಿಕೆಗೆ ಹೊಡೆದದ್ದು ಗಾಳಿಗೆ ಹಾರಿ ಪೀಚ್ ಮೇಲೆ ಬಿತ್ತು. ಐದಾರು ದಿನದಲ್ಲಿ ಎಲೆಗಳಲ್ಲಿ ಊದುಬತ್ತಿಯಿಂದ ಸುಟ್ಟಂಥ ದುಂಡು ತೂತುಗಳು, ಹದಿನೈದು ದಿನದಲ್ಲಿ ಅರ್ಧ ಮರ ಬೋಳು. ಔಷಧಿ ಹೊಡೆಯುವ ದಿನ ಗಿಡಕ್ಕೆ ಹಳೆ ಸೀರೆಯೋ ಟಾರ್ಪಾಲೋ ಹೊದೆಸಿಬಿಡಿ. ಎಲೆಯೇ ಇಲ್ಲದ ಹೊತ್ತಿನಲ್ಲಿ, ಮೊಗ್ಗು ಊದುವ ಮೊದಲು, ತಾಮ್ರ ಹೊಡೆಯಬಹುದು. ಎಲೆಯಿದ್ದಾಗ ಎಂದೂ ಇಲ್ಲ.

6. ಎಲೆ ಕಿತ್ತು ಹೂ ಬರಿಸುವುದು

ಚಳಿ ಬಾರದ ಊರಿನಲ್ಲಿ ಮರ ಅರೆನಿದ್ದೆಯಲ್ಲೇ ಉಳಿಯುತ್ತದೆ. ರೆಂಬೆಯ ತುದಿಯಲ್ಲಿ ಒಂದು ಹಿಡಿ ಎಲೆ, ಕೆಳಗೆಲ್ಲ ಬೋಳು, ಅಲ್ಲೊಂದು ಇಲ್ಲೊಂದು ಹೂವು: ಇದು ಚಳಿ ಸಾಲದ್ದರ ಗುರುತು. ಇದಕ್ಕೊಂದು ಉಪಾಯವಿದೆ. ಮೊಗ್ಗು ಗಾಢನಿದ್ದೆಗೆ ಜಾರುವ ಮೊದಲೇ ಎಲೆ ಕಿತ್ತುಬಿಟ್ಟರೆ, ಅದು ಮಲಗದೆ ಅರಳಿಬಿಡುತ್ತದೆ. ಇಂಡೋನೇಷ್ಯಾದ ಜಾವಾ ದ್ವೀಪದ ಬಟು ಎಂಬಲ್ಲಿ ಸೇಬಿನ ರೈತರು ಹೀಗೆ ಕೈಯಿಂದ ಎಲೆ ಕಿತ್ತು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಅದು ಗುಡ್ಡದ ಮೇಲಿನ ತಂಪು ಊರು, ನಮ್ಮದು ಕಡಲತಡಿ. ಹಾಗಾಗಿ ಅಲ್ಲಿಯಷ್ಟು ಫಲ ಇಲ್ಲಿ ನಿರೀಕ್ಷಿಸಬೇಡಿ. ನಮ್ಮ ಪಾಲಿನ ತಂಪು ಡಿಸೆಂಬರ್ ಕೊನೆಯಿಂದ ಜನವರಿ. ಹೂವು ಆ ಹೊತ್ತಿಗೆ ಅರಳುವಂತೆ ದಿನ ಎಣಿಸಿ ಹಿಂದಕ್ಕೆ ಬರಬೇಕು.

ಎರಡು ಮಳೆಗಾಲ ದಾಟಿದ, ಹೆಬ್ಬೆರಳಿಗಿಂತ ದಪ್ಪ ಕಾಂಡದ ಗಿಡಕ್ಕೆ ಮಾತ್ರ ಇದನ್ನು ಮಾಡಿ. ಸೊರಗಿದ ಗಿಡದ ಎಲೆ ಕಿತ್ತರೆ ಅದೇ ಅದರ ಕೊನೆ.

ಮೊದಲು ಮೊಗ್ಗು ನೋಡಿ. ಆ ವರ್ಷ ಬೆಳೆದ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಹಿಡಿದು, ಎಲೆಯ ತೊಟ್ಟಿನ ಬುಡ ಗಮನಿಸಿ. ಮೂರು ಮೊಗ್ಗು ಒತ್ತೊತ್ತಾಗಿ ಕೂತಿದ್ದು, ನಡುವಿನದು ಚೂಪಾಗಿ, ಎರಡು ಬದಿಯವು ದುಂಡಗೆ ಉಬ್ಬಿದ್ದರೆ, ಆ ದುಂಡಗಿನವು ಹೂಮೊಗ್ಗು. ಬರೀ ಚೂಪು ಮೊಗ್ಗೇ ಇದ್ದರೆ ಈ ವರ್ಷ ಎಲೆ ಕೀಳಬೇಡಿ, ಬರುವುದು ಎಲೆ ಮಾತ್ರ. ಪೀಚ್ ಹೂ ಬಿಡುವುದು ಹಿಂದಿನ ಮಳೆಗಾಲದಲ್ಲಿ ಬೆಳೆದ ಕಡ್ಡಿಯಲ್ಲಿ, ಹಳೆಯ ರೆಂಬೆಯಲ್ಲಲ್ಲ.

ನವೆಂಬರ್ ಮಧ್ಯದಿಂದ, ಅಂದರೆ ತುಳಸಿ ಪೂಜೆಯ ಹೊತ್ತಿನಿಂದ, ನೀರು ಕಡಿತ ಮಾಡಿ. ಡ್ರಮ್ಮಿಗೆ ಮೂರು ದಿನಕ್ಕೊಮ್ಮೆ ಎರಡು ಲೀಟರ್ ಸಾಕು. ಮಧ್ಯಾಹ್ನ ಎಲೆ ಸ್ವಲ್ಪ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಹದ ಸರಿ. ಸಂಜೆಯೂ ಬಾಡಿಯೇ ಇದ್ದರೆ ಕೂಡಲೇ ನೀರು ಕೊಡಿ. ಇದೇ ಹೊತ್ತಿಗೆ ನೆಟ್ಟಗೆ ನಿಂತ ಕಡ್ಡಿಗಳನ್ನು ಬಟ್ಟೆಯ ದಾರದಿಂದ ಅಡ್ಡಕ್ಕೆ ಬಾಗಿಸಿ ಕಟ್ಟಿ. ಅಡ್ಡ ಕಡ್ಡಿಯ ಉದ್ದಕ್ಕೂ ಮೊಗ್ಗು ಸಮನಾಗಿ ಒಡೆಯುತ್ತದೆ.

ಡಿಸೆಂಬರ್ ಮೊದಲ ವಾರ ಎಲೆ ತೆಗೆಯಿರಿ. ಎಳೆದು ಕಿತ್ತರೆ ತೊಟ್ಟಿನ ಜೊತೆ ಮೊಗ್ಗೂ ಸಿಗಿದು ಬರುತ್ತದೆ, ಹೆಚ್ಚಿನವರು ಸೋಲುವುದು ಇಲ್ಲೇ. ಕತ್ತರಿಯಿಂದ ತೊಟ್ಟು ಉಳಿಸಿ ಎಲೆ ಮಾತ್ರ ಕತ್ತರಿಸಿ, ತೊಟ್ಟು ವಾರದಲ್ಲಿ ತಾನಾಗಿ ಉದುರುತ್ತದೆ. ಒಂದು ಗಿಡಕ್ಕೆ ಎರಡು ಗಂಟೆಯ ಕೆಲಸ, ಮನೆಮಂದಿ ಕೂತರೆ ಬೇಗ ಮುಗಿಯುತ್ತದೆ. ಒಂದು ಎಲೆಯೂ ಉಳಿಯಬಾರದು. ನಾಲ್ಕೈದು ದಿನ ಬಿಟ್ಟು ತಳದಿಂದ ಹರಿಯುವಷ್ಟು ನೀರು ಕೊಟ್ಟು, ಆಮೇಲೆ ಎಂದಿನ ನೀರು.

ಕತ್ತರಿಸಿದ ಎಲೆಯನ್ನು ದನಕ್ಕಾಗಲಿ ಆಡಿಗಾಗಲಿ ಹಾಕಬೇಡಿ. ಬಾಡಿದ ಪೀಚ್ ಎಲೆಯಲ್ಲಿ ಸಯನೈಡ್ ಬಿಡುಗಡೆಯಾಗುತ್ತದೆ, ಜಾನುವಾರು ಸತ್ತೇ ಹೋಗಬಹುದು. ಹಟ್ಟಿಯಿಂದ ದೂರ ಹೂತುಬಿಡಿ.

ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಮೊಗ್ಗೊಡೆಸಲು ಬಳಸುವ ಹೈಡ್ರೋಜನ್ ಸಯನಮೈಡ್ ತಂದು ಹಚ್ಚಬಹುದೇ ಎಂದು ಕೇಳುವವರಿದ್ದಾರೆ. ದಯವಿಟ್ಟು ಬೇಡ. ಚರ್ಮ, ಕಣ್ಣು ಸುಡುವ ವಿಷ ಅದು. ಮುಟ್ಟಿದವರು ಆ ದಿನಗಳಲ್ಲಿ ಮದ್ಯ ಸೇವಿಸಿದರೆ ಜೀವಕ್ಕೇ ಅಪಾಯ. ಮಕ್ಕಳು ಓಡಾಡುವ ಅಂಗಳಕ್ಕೆ ತರುವ ವಸ್ತುವಲ್ಲ.

7. ಹೂವಿನಿಂದ ಚೀಲದವರೆಗೆ

ಎಲ್ಲ ಸರಿಯಾದರೆ ಮೂರು ನಾಲ್ಕು ವಾರದಲ್ಲಿ ಗುಲಾಬಿ ಬಣ್ಣದ ಹೂ ಕಾಣುತ್ತದೆ. ಬಹಳಷ್ಟು ಉದುರುತ್ತವೆ, ನಮ್ಮ ಹಗಲಿನ ಸೆಕೆಗೆ ಕಾಯಿ ಕಚ್ಚುವುದು ಕಡಿಮೆ. ಹೂವಿನ ಹೊತ್ತು ಯಾವ ಕೀಟನಾಶಕವೂ ಬೇಡ, ಜೇನುನೊಣ ಬರಲಿ.

ಮಿಡಿ ಗೋಲಿಯ ಗಾತ್ರವಾದಾಗ ಆರಿಂಚಿಗೆ ಒಂದರಂತೆ ಉಳಿಸಿ ಮಿಕ್ಕದ್ದನ್ನು ಚಿವುಟಿ. ಇದ್ದದ್ದೇ ಇಪ್ಪತ್ತು, ಅದರಲ್ಲೂ ತೆಗೆಯಬೇಕೆ ಎಂದು ಮನಸ್ಸು ತಡೆಯುತ್ತದೆ. ತೆಗೆಯದಿದ್ದರೆ ಇಪ್ಪತ್ತೂ ಬೀಜದ ಮೇಲೆ ಸಿಪ್ಪೆ ಹೊದ್ದಂತೆ ಉಳಿಯುತ್ತವೆ.

ಕಾಯಿ ನಿಂಬೆಯ ಗಾತ್ರಕ್ಕೆ ಬಂದ ಕೂಡಲೇ ಒಂದೊಂದಕ್ಕೂ ಕಾಗದದ ಚೀಲ ಕಟ್ಟಿ. ಹಣ್ಣುನೊಣ ಮೊಟ್ಟೆಯಿಡುವುದು ಕಾಯಿ ಬಣ್ಣ ತಿರುಗುವ ಹೊತ್ತಿಗೆ, ಹಣ್ಣಾದ ಮೇಲೆ ಕಟ್ಟಿದರೆ ಹುಳವನ್ನೇ ಒಳಗೆ ಹಾಕಿ ಕಟ್ಟಿದಂತೆ. ಮಾವಿಗೆ ತೂಗುವ ಮೀಥೈಲ್ ಯೂಜಿನಾಲ್ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಬಲೆ ಇದೆಯೆಂದು ಚೀಲ ಬಿಡಬೇಡಿ. ಬಿದ್ದ ಹಣ್ಣನ್ನು ಅಂದೇ ಎರಡಡಿ ಆಳದಲ್ಲಿ ಹೂಳಿ. ಬಾವಲಿ, ಅಳಿಲಿನ ಕಾಟವಿದ್ದರೆ ಚೀಲದ ಮೇಲೆ ಇಡೀ ಗಿಡಕ್ಕೆ ಬಲೆ ಹೊದೆಸಿ.

ಬಿಸಿಲು ಏರುತ್ತಿದ್ದಂತೆ ಕಾಂಡಕ್ಕೆ ತಿಳಿ ಸುಣ್ಣ ಬಳಿದು, ಬುಡಕ್ಕೆ ಸೋಗೆಯನ್ನೋ ತರಗೆಲೆಯನ್ನೋ ಹೊದೆಸಿ. ಕಾಂಡದಿಂದ ಒಂದು ಗೇಣು ದೂರ ಇರಲಿ, ತಾಗಿದರೆ ಗೆದ್ದಲು ಹತ್ತುತ್ತದೆ.

8. ಕೊಯ್ಲು, ಕೂಡಲೇ ಸವರುವಿಕೆ

ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಹಣ್ಣಾಗುತ್ತದೆ. ಕೆಂಪು ನೋಡಿ ಮೋಸಹೋಗಬೇಡಿ, ಬಿಸಿಲು ತಾಗಿದ ಬದಿ ಕಾಯಿಯಲ್ಲೇ ಕೆಂಪಾಗುತ್ತದೆ. ತೊಟ್ಟಿನ ಬಳಿ ಹಸಿರು ಹೋಗಿ ಹಳದಿ ಬಂದಿರಬೇಕು, ಚೀಲ ಬಿಚ್ಚಿದಾಗ ಪರಿಮಳ ಬರಬೇಕು. ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ ಕೈಗೆ ಬರುತ್ತದೆ. ಬೀಜ ಒಡೆದು ಒಳಗಿನ ತಿರುಳನ್ನು ಬಾದಾಮಿಯೆಂದು ಮಕ್ಕಳು ತಿನ್ನದಂತೆ ನೋಡಿಕೊಳ್ಳಿ, ಅದರಲ್ಲೂ ಅದೇ ವಿಷ.

ತಂಪು ನಾಡುಗಳಲ್ಲಿ ಚಳಿಗಾಲದಲ್ಲಿ ಸವರುತ್ತಾರೆ. ಅದನ್ನೇ ಓದಿ ಇಲ್ಲಿ ಡಿಸೆಂಬರ್‌ನಲ್ಲಿ ಸವರಿದರೆ ಹೂಮೊಗ್ಗನ್ನೇ ಕತ್ತರಿಸಿ ಎಸೆದಂತೆ. ನಮ್ಮಲ್ಲಿ ಸವರಬೇಕಾದ್ದು ಕೊಯ್ಲು ಮುಗಿದ ವಾರವೇ. ಹಣ್ಣು ಕೊಟ್ಟ ಕಡ್ಡಿಗಳನ್ನು ಬುಡದಲ್ಲಿ ಎರಡು ಮೊಗ್ಗು ಬಿಟ್ಟು ಕತ್ತರಿಸಿ, ಒಳಮುಖವಾಗಿ ಬೆಳೆದದ್ದನ್ನು ಪೂರ್ತಿ ತೆಗೆಯಿರಿ. ಒಣ ದಿನವೇ ಆಗಬೇಕು, ಕತ್ತರಿಗೆ ಸ್ಪಿರಿಟ್ ಒರೆಸಿರಬೇಕು. ಮೇ ಮಧ್ಯದ ನಂತರ ಕತ್ತರಿ ಎತ್ತಿಡಿ, ಗಾಯ ಮಾಗುವ ಮೊದಲೇ ಮಳೆ ಹಿಡಿಯುತ್ತದೆ. ಹೊಸ ಚಿಗುರು ಗೇಣುದ್ದ ಬರುವಷ್ಟರಲ್ಲಿ ಪತ್ತನಾಜೆ ಬಂದಿರುತ್ತದೆ. ಹಳೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಲಿಗೆ ಹಿಡಿದು ತೂತಿದೆಯೇ ನೋಡಿ, ಇದ್ದರೆ ಬದಲಿಸಿ, ಚಪ್ಪರ ಕಟ್ಟಿ.